ಹೀಲಿಕ್ಸ್ ನೀಹಾರಿಕೆ (ಎನ್‌ಜಿಸಿ 7293): 72 ಮಿಮೀ ದೂರದರ್ಶಕದಲ್ಲಿ ಹಿಡಿಯುವುದು ಹೇಗೆ, ಹರ್ಷೆಲ್ ಕಣ್ಣಿಗೆ ಅದು ಬೀಳದಿದ್ದದ್ದೇಕೆ?

ನಸುಕಿನ_ನೋಟ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಮುಗಿದ ಮೇಲೆ ಕುಂಭ ರಾಶಿಯ ಹೀಲಿಕ್ಸ್ ನೀಹಾರಿಕೆಯನ್ನು ಚೆನ್ನಾಗಿ ತೆಗೆಯಬೇಕೆಂದಿದ್ದೇನೆ. ನನ್ನ ಬಳಿ ಇರುವುದು ಇಷ್ಟು: 72 ಮಿಮೀ ಇಡಿ ರಿಫ್ರ್ಯಾಕ್ಟರ್ (ಫೋಕಲ್ ಲೆಂಗ್ತ್ 420 ಮಿಮೀ, ಎಫ್/5.8), ಫ್ಲ್ಯಾಟನರ್, ಮಾಡಿಫೈ ಮಾಡದ (ಕೆಂಪು ತಡೆಯುವ ಕಂಪನಿ ಫಿಲ್ಟರ್ ಹಾಗೇ ಇರುವ) ಕ್ಯಾನನ್ 600ಡಿ, ಹೆಚ್‌ಇಕ್ಯೂ5 ಮೌಂಟ್, 120 ಮಿಮೀ ಫೋಕಲ್ ಲೆಂಗ್ತಿನ ಗೈಡ್‌ಸ್ಕೋಪ್, ಅದಕ್ಕೆ ಎಎಸ್‌ಐ120 ಮಿನಿ ಕ್ಯಾಮೆರಾ. ಮನೆ ಬೆಂಗಳೂರಿನಲ್ಲಿ, ಆಕಾಶ ಬಾರ್ಟಲ್ 8 (ಕತ್ತಲೆಯ ಅಳತೆ: 1 ಕಡುಗತ್ತಲು, 9 ನಗರದ ನಡು). ಅಮಾವಾಸ್ಯೆಯ ಆಸುಪಾಸಿನಲ್ಲಿ ಚಿತ್ರದುರ್ಗದ ಕಡೆ ಬಾರ್ಟಲ್ 4ರ ಜಾಗಕ್ಕೆ ಹೋಗಲು ಸಾಧ್ಯ.

ಮಹಡಿಯಿಂದ ಫಿಲ್ಟರ್ ಇಲ್ಲದೆ, ಐಎಸ್‌ಒ 1600ರಲ್ಲಿ 60 ಸೆಕೆಂಡಿನ ಫ್ರೇಮ್‌ಗಳನ್ನು ಒಂದೂವರೆ ಗಂಟೆ ತೆಗೆದು ಸ್ಟ್ಯಾಕ್ ಮಾಡಿದರೆ (ಒಂದರ ಮೇಲೊಂದು ಕೂಡಿಸಿದರೆ) ಬರುತ್ತಿರುವುದು ಮಂಕು ಬೂದು ಬಣ್ಣದ ಉಂಗುರ. ಹಿನ್ನೆಲೆಯಲ್ಲೆಲ್ಲ ಒಂದೇ ದಿಕ್ಕಿಗೆ ಓರೆಯಾಗಿ ಎಳೆದಂಥ ಸಣ್ಣ ಗೀರುಗಳು. ನಡುವಿನ ನೀಲಿ ಎಲ್ಲೂ ಇಲ್ಲ.

ಕೇಳಬೇಕಾದದ್ದು: ಯಾವ ಫಿಲ್ಟರ್ ತೆಗೆದುಕೊಳ್ಳಲಿ? ಒಂದೊಂದು ಎಕ್ಸ್‌ಪೋಷರ್ ಎಷ್ಟಿರಬೇಕು, ಒಟ್ಟು ಎಷ್ಟು ಗಂಟೆ? ಆ ಗೀರುಗಳು ಎಲ್ಲಿಂದ ಬರುತ್ತಿವೆ? ಇನ್ನೊಂದು ಕುತೂಹಲ: ಆಕಾಶದಲ್ಲಿ ದೊಡ್ಡದಾಗಿ ಕಾಣುವ ಗ್ರಹೀಯ ನೀಹಾರಿಕೆಗಳಲ್ಲಿ (ಸಾಯುವ ನಕ್ಷತ್ರ ಹೊರಚೆಲ್ಲಿದ, ಹೊಳೆಯುವ ಅನಿಲದ ಮೋಡಗಳಲ್ಲಿ) ಇದೊಂದು. 18ನೇ ಶತಮಾನದ ಮೆಸ್ಸಿಯೆಯ ಪಟ್ಟಿಯಲ್ಲೂ (‘ಎಂ’ ಸಂಖ್ಯೆಗಳದು) ಇಲ್ಲ, ವಿಲಿಯಂ ಹರ್ಷೆಲ್‌ನ ಪಟ್ಟಿಯಲ್ಲೂ ಇಲ್ಲ. ಕಂಡುಹಿಡಿದವರು ಹಾರ್ಡಿಂಗ್ ಎಂದು ಓದಿದೆ. ಇಷ್ಟು ದೊಡ್ಡದು ಅಷ್ಟು ತಡವಾಗಿ ಸಿಕ್ಕಿದ್ದು ಹೇಗೆ?

ಹಳೇ_ಪಟ

ಇತಿಹಾಸದ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಿಮ್ಮ ಮಹಡಿಯ ಚಿತ್ರ ಮಂಕಾದದ್ದಕ್ಕೂ ಹರ್ಷೆಲ್‌ಗೆ ಅದು ಸಿಗದೆ ಹೋದದ್ದಕ್ಕೂ ಕಾರಣ ಒಂದೇ.

‘ಯೂರೋಪಿನಿಂದ ಅದು ದಿಗಂತಕ್ಕೆ ತೀರ ಹತ್ತಿರ, ಅದಕ್ಕೇ ಕಾಣಲಿಲ್ಲ’ ಎಂಬ ಮಾತು ಚಾಲ್ತಿಯಲ್ಲಿದೆ. ನನಗೆ ಅದು ಸಾಲದು. ಹೀಲಿಕ್ಸ್‌ನ ಡೆಕ್ಲಿನೇಷನ್ (ಖಗೋಳ ವಿಷುವದ್ವೃತ್ತದಿಂದ ಕೋನದೂರ; ಮೈನಸ್ ಎಂದರೆ ದಕ್ಷಿಣ) ಮೈನಸ್ 20 ಡಿಗ್ರಿ 50 ಕಲೆ (ಕಲೆ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ). ಪ್ಯಾರಿಸ್‌ನಲ್ಲಿ ಅದು ಹೆಚ್ಚೆಂದರೆ 20 ಡಿಗ್ರಿ ಮೇಲೇರುತ್ತದೆ, ಹರ್ಷೆಲ್ ಇದ್ದ ಸ್ಲೌ ಊರಿನಲ್ಲಿ 18ಕ್ಕೂ ಸ್ವಲ್ಪ ಕಡಿಮೆ. ಆದರೆ ಮೆಸ್ಸಿಯೆ ತನ್ನ ಪಟ್ಟಿಗೆ ಸೇರಿಸಿದ ಎಂ 55 ಇರುವುದು ಮೈನಸ್ 31ರಲ್ಲಿ, ಎಂ 83 ಮೈನಸ್ 30ರಲ್ಲಿ. ಪ್ಯಾರಿಸ್‌ನಿಂದ ಅವು 10–11 ಡಿಗ್ರಿ ಎತ್ತರ ದಾಟುವುದೇ ಇಲ್ಲ. ಅವನ್ನು ಕಂಡವನಿಗೆ ಇದು ಕಾಣದಿರಲು ಎತ್ತರವೊಂದೇ ಕಾರಣವಾಗಲಾರದು. ಹೀಲಿಕ್ಸ್ ಕಂಡ ಕಾರ್ಲ್ ಲುಡ್ವಿಗ್ ಹಾರ್ಡಿಂಗ್ ಇದ್ದದ್ದಾದರೂ ಎಲ್ಲಿ? ಗಾಟಿಂಗೆನ್‌ನಲ್ಲಿ, ಅಲ್ಲೂ ಅದು ಏರುವುದು 17–18 ಡಿಗ್ರಿಯಷ್ಟೇ.

ನಿಜವಾದ ತೊಡಕು ಮೇಲ್ಮೈ ಪ್ರಕಾಶದ್ದು. ಲೆಕ್ಕ ಹಾಕಿ ನೋಡಿ. ವೀಣಾ ಮಂಡಲದ ಉಂಗುರ ನೀಹಾರಿಕೆ ಎಂ 57ರ ಕಾಂತಿಮಾನ (ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹೆಚ್ಚು) 8.8, ಗಾತ್ರ 1.4 × 1 ಕಲೆ. ಹೀಲಿಕ್ಸ್‌ನದು ಸುಮಾರು 7.6, ಮುಖ್ಯ ಉಂಗುರದ ಗಾತ್ರವೇ 16 × 12 ಕಲೆ. ಒಟ್ಟು ಬೆಳಕು ಮೂರು ಪಟ್ಟು ಹೆಚ್ಚು, ಹರಡಿದ ಜಾಗ ನೂರಮೂವತ್ತು ಪಟ್ಟಿಗೂ ಹೆಚ್ಚು. ಒಂದು ದೋಸೆಯ ಬೆಣ್ಣೆಯನ್ನು ನಲವತ್ತು ದೋಸೆಗೆ ಸವರಿದಂತೆ: ಚದರ ಕಲೆಗೆ ಸಿಗುವುದು ಎಂ 57ರ ನಲವತ್ತರಲ್ಲೊಂದು ಪಾಲಿನಷ್ಟು.

ಈಗ ಹರ್ಷೆಲ್‌ನ ಉಪಕರಣ ನೋಡಿ. ಅವನು ಆಕಾಶವನ್ನು ಶೋಧಿಸಿದ್ದು 20 ಅಡಿ ಉದ್ದದ, 18.7 ಅಂಗುಲದ ದರ್ಪಣವಿದ್ದ ದೂರದರ್ಶಕದಲ್ಲಿ, 157 ಪಟ್ಟು ವರ್ಧನೆಯಲ್ಲಿ. ಅದರ ನೋಟದ ಅಗಲ ಬರೀ 15 ಕಲೆ. ಹೀಲಿಕ್ಸ್ ಆ ಕಿಂಡಿಯನ್ನು ಅಂಚಿನಿಂದ ಅಂಚಿಗೆ ತುಂಬಿಬಿಡುತ್ತದೆ. ಪಕ್ಕದಲ್ಲಿ ಕಪ್ಪು ಆಕಾಶ ಇಲ್ಲದಿದ್ದರೆ ಕಣ್ಣು ಹೋಲಿಸಿ ನೋಡುವುದು ಯಾವುದರೊಂದಿಗೆ? ಸಣ್ಣ, ಗಟ್ಟಿ ಬಿಲ್ಲೆಗಳನ್ನು ಹೆಕ್ಕುವುದರಲ್ಲಿ ಆ ಉಪಕರಣಕ್ಕೆ ಸಾಟಿಯಿರಲಿಲ್ಲ. ಅಗಲವಾದ ಮಂದ ಬೆಳಕಿಗೆ ಅದು ಹೊಂದುವಂಥದ್ದಲ್ಲ. ಇದಕ್ಕೆ ಎದುರು ಉದಾಹರಣೆ ಅದೇ ಮನೆಯಲ್ಲಿದೆ. ತಂಗಿ ಕ್ಯಾರೊಲಿನ್ ಹರ್ಷೆಲ್ 1783ರ ಸೆಪ್ಟೆಂಬರ್ 23ರಂದು ಮೈನಸ್ 25 ಡಿಗ್ರಿಯಲ್ಲಿರುವ ಎನ್‌ಜಿಸಿ 253 ಗೆಲಾಕ್ಸಿಯನ್ನು ಕಂಡಳು, ಅದೂ ವಿಶಾಲ ನೋಟದ ಪುಟ್ಟ ದೂರದರ್ಶಕದಲ್ಲಿ.

ಹಾರ್ಡಿಂಗ್ ಬಗ್ಗೆ: 1804ರಲ್ಲಿ ಲಿಲಿಯೆಂಥಾಲ್‌ನಲ್ಲಿ ಜೂನೊ ಕ್ಷುದ್ರಗ್ರಹವನ್ನು ಕಂಡುಹಿಡಿದವನು ಈತನೇ. ಮರುವರ್ಷ ಗಾಟಿಂಗೆನ್‌ಗೆ ಬಂದು, ದೊಡ್ಡದೊಂದು ನಕ್ಷತ್ರಪಟಕ್ಕಾಗಿ ಆಕಾಶವನ್ನು ತುಂಡು ತುಂಡಾಗಿ ತಾಳೆ ನೋಡುತ್ತಾ ಹೋದ. ಹೀಲಿಕ್ಸ್ ಸಿಕ್ಕಿದ್ದು ಆ ಕೆಲಸದ ಕಾಲದಲ್ಲಿ. ದಾಖಲೆಗಳು ಹೇಳುವುದು ‘1824ಕ್ಕೆ ಮೊದಲು’ ಎಂದಷ್ಟೇ. ಎನ್‌ಜಿಸಿ 7293 ಎಂಬ ಸಂಖ್ಯೆ ಡ್ರೇಯರ್‌ನ 1888ರ ಪಟ್ಟಿಯದು.

ತಡ ಎಷ್ಟೆಂದು ಅಳೆಯಬೇಕಾದರೆ: ಮೊದಲು ಸಿಕ್ಕ ಗ್ರಹೀಯ ನೀಹಾರಿಕೆ ಎಂ 27, ಮೆಸ್ಸಿಯೆ ಕಂಡದ್ದು 1764ರ ಜುಲೈ 12ರಂದು. ಎಂ 57 ಸಿಕ್ಕಿದ್ದು 1779ರಲ್ಲಿ. ಎಂ 76 ಮತ್ತು ಎಂ 97ನ್ನು ಮೆಸ್ಸಿಯೆಯ ಸಹೋದ್ಯೋಗಿ ಮೆಶೈನ್ 1780 ಮತ್ತು 1781ರಲ್ಲಿ ಕಂಡ. ಹರ್ಷೆಲ್ ತಾನೇ ಕಂಡ ಮೊದಲನೆಯದು, ಅದೇ ಕುಂಭ ರಾಶಿಯ ಎನ್‌ಜಿಸಿ 7009, 1782ರ ಸೆಪ್ಟೆಂಬರ್ 7ರಂದು. ಅದೇ ರಾಶಿಯಲ್ಲಿ ಅಗಲಕ್ಕೆ ಅದರ ಇಪ್ಪತ್ತು ಪಟ್ಟಿರುವ ಹೀಲಿಕ್ಸ್ ಇನ್ನೂ ನಲವತ್ತು ವರ್ಷ ಕಾಯಬೇಕಾಯಿತು!

ಛಾಯಾಗ್ರಹಣದ ಕಡೆಯಿಂದ ಎರಡು ಹೆಸರು ಮರೆಯಬಾರದು. ಹಂಗೇರಿಯ ಗೊಥಾರ್ಡ್ 1886ರಲ್ಲಿ ಎಂ 57ರ ಕೇಂದ್ರ ನಕ್ಷತ್ರವನ್ನು ಕಂಡದ್ದು ಫೋಟೋ ಪ್ಲೇಟಿನ ಮೇಲೆ. ಲಿಕ್ ವೀಕ್ಷಣಾಲಯದ ಹೀಬರ್ ಕರ್ಟಿಸ್ 36 ಅಂಗುಲದ ಕ್ರಾಸ್ಲಿ ದೂರದರ್ಶಕದಿಂದ ಗ್ರಹೀಯ ನೀಹಾರಿಕೆಗಳನ್ನು ಒಂದೊಂದಾಗಿ ತೆಗೆದು 1918ರಲ್ಲಿ ಪ್ರಕಟಿಸಿದ. ಒಂದೇ ವಸ್ತುವಿಗೆ ಚಿಕ್ಕ, ಉದ್ದ ಎಕ್ಸ್‌ಪೋಷರ್ ಎರಡನ್ನೂ ಕೊಟ್ಟು ಒಳಗಿನದನ್ನೂ ಹೊರಗಿನದನ್ನೂ ಬೇರೆಬೇರೆಯಾಗಿ ಓದುವ ಪದ್ಧತಿ ಆಗಲೇ ಇತ್ತು.

ದಕ್ಷಿಣ_ದಿಗಂತ

ಹಳೇ_ಪಟ ಅವರ ಲೆಕ್ಕದ ಇನ್ನೊಂದು ಮಗ್ಗುಲು ನಮಗೆ ಅನುಕೂಲದ್ದು. ಬೆಂಗಳೂರಿನಿಂದ ಹೀಲಿಕ್ಸ್ 56 ಡಿಗ್ರಿ ಮೇಲೇರುತ್ತದೆ, ಬೀದರ್‌ನಿಂದ 51. ಗಾಟಿಂಗೆನ್‌ನಿಂದ ನೋಡುವಾಗ ಬೆಳಕು ನೆತ್ತಿಯ ಮೇಲಿನ ವಾತಾವರಣದ ಮೂರು ಪಟ್ಟಿಗೂ ಹೆಚ್ಚು ದಪ್ಪವನ್ನು ದಾಟಬೇಕು, ನಮಗೆ 1.2 ಪಟ್ಟು ಸಾಕು. ಯೂರೋಪಿನವರ ಚಿತ್ರಗಳಿಗೆ ನಿಮ್ಮ 72 ಮಿಮೀ ಪೈಪೋಟಿ ಕೊಡಬಲ್ಲ ವಸ್ತುಗಳಲ್ಲಿ ಇದು ಖಂಡಿತ ಒಂದು.

ಸಮಯ. ಬೆಂಗಳೂರಿನಲ್ಲಿ ಅದು ಮೆರಿಡಿಯನ್ (ಉತ್ತರ–ದಕ್ಷಿಣ ನಡುಗೆರೆ) ದಾಟುವುದು ಅಕ್ಟೋಬರ್ 1ರಂದು ರಾತ್ರಿ ಸುಮಾರು 10.10ಕ್ಕೆ, ನವೆಂಬರ್ 1ರಂದು 8.10ಕ್ಕೆ, ದಿನಕ್ಕೆ 4 ನಿಮಿಷ ಮುಂಚೆ. ಮೆರಿಡಿಯನ್‌ನ ಎರಡೂ ಬದಿಗೆ 3 ಗಂಟೆ 20 ನಿಮಿಷ 30 ಡಿಗ್ರಿಗಿಂತ ಮೇಲಿರುತ್ತದೆ. ನವೆಂಬರ್ ಮೊದಲ ವಾರದಲ್ಲಿ ಪೂರ್ತಿ ಕತ್ತಲಾಗುವುದು 7.05ರ ಹೊತ್ತಿಗೆ. ಅಲ್ಲಿಂದ 11.30ರವರೆಗೆ ತೆಗೆಯಬಹುದು. ಡಿಸೆಂಬರ್‌ಗೆ ಮುಂದೂಡಬೇಡಿ, ಕತ್ತಲಾಗುವಷ್ಟರಲ್ಲಿ ಪಶ್ಚಿಮಕ್ಕೆ ವಾಲಿರುತ್ತದೆ. ಹಿಂಗಾರಿನ ಮೋಡ ದಕ್ಷಿಣ ಒಳನಾಡನ್ನು ನವೆಂಬರ್‌ವರೆಗೂ ಕಾಡುತ್ತದೆ. ಚಿತ್ರದುರ್ಗಕ್ಕಿಂತಲೂ ಉತ್ತರಕ್ಕೆ, ಕೊಪ್ಪಳ–ವಿಜಯಪುರದ ಕಡೆ ಹೋಗಲಾದರೆ ಅಕ್ಟೋಬರ್‌ನಲ್ಲೇ ತಿಳಿ ಆಕಾಶ ಸಿಗುವ ಸಾಧ್ಯತೆ ಹೆಚ್ಚು.

ಹುಡುಕುವುದು, ಫೋಕಸ್. ಫೋಮಲ್‌ಹಾಟ್ ನಕ್ಷತ್ರ ಸುಮಾರು 11 ಡಿಗ್ರಿ ದೂರದಲ್ಲಿದೆ. ಬಹಟಿನೊವ್ ಮಾಸ್ಕ್ (ಫೋಕಸ್ ತೋರಿಸುವ ಸೀಳುಗಳ ಮುಚ್ಚಳ) ಹಾಕಿ ಅದರ ಮೇಲೆಯೇ ಫೋಕಸ್ ಮಾಡಿ, ಆಮೇಲೆ ಸರಿಯಿರಿ. ಕುಂಭದ ಉಪ್ಸಿಲಾನ್ (5ನೇ ಕಾಂತಿಮಾನ) ಹೀಲಿಕ್ಸ್‌ನ ಪೂರ್ವಕ್ಕೆ 1.2 ಡಿಗ್ರಿಯಲ್ಲಿದೆ. ನಿಮ್ಮ ಕ್ಯಾಮೆರಾದಲ್ಲಿ ನೋಟ 3 × 2 ಡಿಗ್ರಿ, ಹಾಗಾಗಿ ಎರಡೂ ಒಂದೇ ಚೌಕಟ್ಟಿಗೆ ಬರುತ್ತವೆ. ಆ ನಕ್ಷತ್ರ ಅಂಚಿನಲ್ಲಿ ಕಂಡರೆ ಜಾಗ ಸರಿ. ರಾತ್ರಿ ಉಷ್ಣಾಂಶ 2–3 ಡಿಗ್ರಿ ಇಳಿದಾಗಲೆಲ್ಲ ಮತ್ತೆ ಫೋಕಸ್ ನೋಡಿಕೊಳ್ಳಿ.

ಪೋಲಾರ್ ಅಲೈನ್‌ಮೆಂಟ್. ಧ್ರುವ ನಕ್ಷತ್ರ ನಮ್ಮಲ್ಲಿ 13–18 ಡಿಗ್ರಿ ಎತ್ತರದಲ್ಲಿ, ಮರ, ಮನೆ, ಧೂಳಿನ ಹಿಂದೆ. ನಿನಾ ತಂತ್ರಾಂಶದ ತ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಪ್ಲಗಿನ್‌ಗೆ ಧ್ರುವ ಕಾಣಬೇಕಿಲ್ಲ, ಆಕಾಶದ ಬೇರೆ ಭಾಗದಿಂದಲೇ ಲೆಕ್ಕ ಹಾಕುತ್ತದೆ. ಇಷ್ಟು ಕಡಿಮೆ ಅಕ್ಷಾಂಶದಲ್ಲಿ ಹೋಮ್ ಪೊಸಿಷನ್‌ನಲ್ಲಿ ವೇಟ್ ಬಾರ್ ಬಹುತೇಕ ನೇರ ಕೆಳಗೆ, ತುಸು ಉತ್ತರಕ್ಕೆ ಚಾಚಿರುತ್ತದೆ. ವೇಟ್ ಟ್ರೈಪಾಡಿನ ಉತ್ತರದ ಕಾಲಿಗೆ ಬಡಿಯುವ ಅಪಾಯ ಇದೆ. ಹಗಲಲ್ಲೇ ಕ್ಲಚ್ ಸಡಿಲಿಸಿ ಕೈಯಿಂದ ಪೂರ್ತಿ ತಿರುಗಿಸಿ ನೋಡಿ. ತಗಲುವುದಾದರೆ ಮೌಂಟ್ ಕೆಳಗೆ ಎಕ್ಸ್‌ಟೆನ್ಷನ್ ಕೊಳವೆ ಹಾಕಬೇಕು.

ಗೀರುಗಳು. ಇದಕ್ಕೆ ವಾಕಿಂಗ್ ನಾಯ್ಸ್ ಎನ್ನುತ್ತಾರೆ. ಸೆನ್ಸರ್‌ನ ದೋಷದ ಚುಕ್ಕೆಗಳು ಪ್ರತಿ ಫ್ರೇಮಿನಲ್ಲೂ ಅದೇ ಪಿಕ್ಸೆಲ್‌ನಲ್ಲಿರುತ್ತವೆ. ಗೈಡ್‌ಸ್ಕೋಪ್ ಮತ್ತು ಮುಖ್ಯ ಕೊಳವೆ ನಡುವಿನ ಸಣ್ಣ ಬಾಗುವಿಕೆಯಿಂದ ನಕ್ಷತ್ರಗಳು ಮಾತ್ರ ನಿಧಾನವಾಗಿ ಒಂದೇ ಕಡೆ ಜಾರುತ್ತವೆ. ನಕ್ಷತ್ರಗಳನ್ನು ಒಂದರ ಮೇಲೊಂದು ಕೂಡಿಸಿದಾಗ ಈ ಚುಕ್ಕೆಗಳು ಸಾಲಾಗಿ ಎಳೆದುಕೊಳ್ಳುತ್ತವೆ. ಮದ್ದು ಡಿದರಿಂಗ್, ಅಂದರೆ ಫ್ರೇಮುಗಳ ನಡುವೆ ದೂರದರ್ಶಕವನ್ನು ತುಸು ಸರಿಸುವುದು. ನಿಮ್ಮ ಗೈಡ್ ಕ್ಯಾಮೆರಾದ ಒಂದು ಪಿಕ್ಸೆಲ್ 6.4 ವಿಕಲೆ (ಕಲೆಯ ಅರವತ್ತನೇ ಒಂದು ಭಾಗ), 600ಡಿಯದು 2.1 ವಿಕಲೆ. ಅಂದರೆ ಗೈಡಿಂಗ್ ತಂತ್ರಾಂಶ ಪಿಎಚ್‌ಡಿ2ನಲ್ಲಿ 3 ಪಿಕ್ಸೆಲ್ ಡಿದರ್ ಕೊಟ್ಟರೆ ಮುಖ್ಯ ಚಿತ್ರದಲ್ಲಿ 9 ಪಿಕ್ಸೆಲ್ ಸರಿಯುತ್ತದೆ, ಅಷ್ಟು ಬೇಕು. ಎರಡು ಫ್ರೇಮಿಗೊಮ್ಮೆ, ಯಾವ ದಿಕ್ಕಿಗಾದರೂ ಸರಿಯುವ ಹಾಗೆ ಇಡಿ. ಡಿಎಸ್‌ಎಲ್‌ಆರ್‌ನ ಸೆನ್ಸರ್ ಬಿಸಿ ರಾತ್ರಿಯಿಡೀ ಏರಿಳಿಯುವುದರಿಂದ ಹೊಂದದ (ಮುಚ್ಚಳ ಹಾಕಿ ತೆಗೆದ) ಡಾರ್ಕ್‌ಗಳನ್ನು ಹಾಕಿದರೆ ಗೀರು ಹೆಚ್ಚುವುದೂ ಉಂಟು. ನನ್ನ ಸಲಹೆ: ಡಾರ್ಕ್ ಬಿಡಿ, 50 ಬಯಾಸ್ (ಮುಚ್ಚಳ ಹಾಕಿ ಅತಿ ಚಿಕ್ಕ ಎಕ್ಸ್‌ಪೋಷರ್), 30 ಫ್ಲ್ಯಾಟ್ (ಸಮ ಬೆಳಕಿನ ಚಿತ್ರ), ಜೊತೆಗೆ ಡಿದರ್.

ಎಕ್ಸ್‌ಪೋಷರ್. ಬಾರ್ಟಲ್ 4ರಲ್ಲಿ ಫಿಲ್ಟರ್ ಇಲ್ಲದೆ ಐಎಸ್‌ಒ 800, 120–180 ಸೆಕೆಂಡು. ಕ್ಯಾಮೆರಾದ ಹಿಂಬದಿಯ ಹಿಸ್ಟೋಗ್ರಾಮ್ ಗುಡ್ಡ ಎಡ ಅಂಚಿನಿಂದ ಬಿಡಿಸಿಕೊಂಡು ಕಾಲು ಭಾಗದ ಹತ್ತಿರ ನಿಂತರೆ ಸರಿ. ಐಎಸ್‌ಒ 1600ರಿಂದ ಬೆಳಕೇನೂ ಹೆಚ್ಚಾಗುವುದಿಲ್ಲ, ನಕ್ಷತ್ರಗಳ ಬಣ್ಣ ಸುಟ್ಟುಹೋಗುತ್ತದೆ ಅಷ್ಟೇ. ಒಟ್ಟು 4 ಗಂಟೆಗೆ ಉಂಗುರ ಗಟ್ಟಿಯಾಗುತ್ತದೆ, ಹೊರಗಿನ ಮಸುಕು ಪ್ರಭಾವಲಯಕ್ಕೆ 8 ಗಂಟೆಗಿಂತ ಕಡಿಮೆ ಸಾಲದು. ಗೈಡಿಂಗ್ ದೋಷ ಒಟ್ಟು 1.2 ವಿಕಲೆ ಒಳಗಿದ್ದರೆ ಈ ಸ್ಕೇಲ್‌ಗೆ ಸಾಕು. ಪಿಎಚ್‌ಡಿ2 ಕ್ಯಾಲಿಬ್ರೇಷನ್ ಮಾತ್ರ ಖಗೋಳ ವಿಷುವದ್ವೃತ್ತದ ಹತ್ತಿರ ಮಾಡಿ.

ಇಬ್ಬನಿ ಬಗ್ಗೆ ಒಂದು ಮಾತು: ಮಳೆ ನಿಂತ ಮೇಲಿನ ನಮ್ಮ ರಾತ್ರಿಗಳಲ್ಲಿ ಲೆನ್ಸ್ ಒದ್ದೆಯಾಗಲು ಅರ್ಧ ಗಂಟೆ ಸಾಕು. ಹೀಟರ್ ಪಟ್ಟಿಯನ್ನು ಮುಸ್ಸಂಜೆಯಲ್ಲೇ ಹಚ್ಚಿ. ಒದ್ದೆಯಾದ ಮೇಲೆ ಹಚ್ಚಿದರೆ ಒಣಗುವಷ್ಟರಲ್ಲಿ ಫೋಕಸ್ ಸರಿದಿರುತ್ತದೆ. ಗೈಡ್‌ಸ್ಕೋಪಿಗೂ ಒಂದು ಪಟ್ಟಿ ಬೇಕು, ಅದನ್ನು ಮರೆಯುವವರೇ ಹೆಚ್ಚು.

ರೋಹಿತ_5007

ಫಿಲ್ಟರ್ ಪ್ರಶ್ನೆಗೆ ಬರುತ್ತೇನೆ. ಇದರ ಉತ್ತರ 1864ರಲ್ಲಿದೆ.

ಆ ವರ್ಷದ ಆಗಸ್ಟ್ 29ರ ರಾತ್ರಿ ವಿಲಿಯಂ ಹಗಿನ್ಸ್ ಲಂಡನ್‌ನ ಟಲ್ಸ್ ಹಿಲ್‌ನ ತನ್ನ ಮನೆಯ ವೀಕ್ಷಣಾಲಯದಲ್ಲಿ 8 ಅಂಗುಲದ ದೂರದರ್ಶಕಕ್ಕೆ ರೋಹಿತದರ್ಶಕ ಕಟ್ಟಿ ಎನ್‌ಜಿಸಿ 6543 ಎಂಬ ಗ್ರಹೀಯ ನೀಹಾರಿಕೆಯನ್ನು ನೋಡಿದ. ನಕ್ಷತ್ರದಂತೆ ಬಣ್ಣದ ಪಟ್ಟಿ ಕಾಣುವ ಬದಲು ಒಂಟಿ ಹಸಿರು ಗೆರೆ ಕಂಡಿತು. ಪ್ರಿಸಂ ಸರಿದಿದೆಯೇನೋ ಎಂದೇ ಮೊದಲು ಅಂದುಕೊಂಡ. ಆಮೇಲೆ ಪಕ್ಕದಲ್ಲಿ ಇನ್ನೆರಡು ಮಸುಕು ಗೆರೆಗಳೂ ಸಿಕ್ಕವು. ಹೊಳೆಯುತ್ತಿರುವುದು ನಕ್ಷತ್ರಗಳ ಗುಂಪಲ್ಲ, ಬಿಸಿ ಅನಿಲ ಎಂಬುದು ಅಲ್ಲಿಗೆ ಖಚಿತವಾಯಿತು. ಆ ಹಸಿರು ಗೆರೆ ಭೂಮಿಯ ಯಾವ ಧಾತುವಿಗೂ ಹೊಂದದೆ ‘ನೆಬ್ಯುಲಿಯಂ’ ಎಂಬ ಹೊಸ ಧಾತುವಿನದೆಂದು ದಶಕಗಳ ಕಾಲ ನಂಬಲಾಗಿತ್ತು. 1927ರಲ್ಲಿ ಐರಾ ಬೋವೆನ್ ಬಿಡಿಸಿದ: ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ ಗೆರೆ, 500.7 ನ್ಯಾನೊಮೀಟರ್, ಜೊತೆಗೆ 495.9ರಲ್ಲಿ ಅದರ ಮೂರನೇ ಒಂದು ಪಾಲಿನದು. ಪ್ರಯೋಗಾಲಯದ ಅನಿಲದಲ್ಲಿ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಆ ಬೆಳಕು ಹೊಮ್ಮುವ ಮೊದಲೇ ಶಕ್ತಿಯನ್ನು ಕಸಿದುಕೊಳ್ಳುತ್ತವೆ. ನೀಹಾರಿಕೆ ಎಷ್ಟು ವಿರಳವೆಂದರೆ ಅಲ್ಲಿ ಅಯಾನಿಗೆ ಕಾಯಲು ಬೇಕಾದಷ್ಟು ಬಿಡುವಿದೆ.

ಈಗ ಇದೇ ನಿಮ್ಮ ಫಿಲ್ಟರ್. ಹೀಲಿಕ್ಸ್‌ನ ಬೆಳಕು ಬಹುಪಾಲು ಬರುವುದು ಬೆರಳೆಣಿಕೆಯ ಗೆರೆಗಳಿಂದ: ಒಳಗೆ ಆಮ್ಲಜನಕದ 500.7, ಹೊರ ಉಂಗುರದಲ್ಲಿ ಹೈಡ್ರೋಜನ್ ಆಲ್ಫಾ 656.3, ಅದರ ಎರಡು ಬದಿಗೂ ಸಾರಜನಕದ 654.8 ಮತ್ತು 658.3. ಬೀದಿದೀಪದ ಎಲ್‌ಇಡಿ ಬೆಳಕಾದರೋ ಇಡೀ ಪಟ್ಟಿಯಲ್ಲಿ ಹರಡಿರುತ್ತದೆ. ಎರಡೇ ಕಿಟಕಿ ತೆರೆದು ಉಳಿದದ್ದನ್ನು ಮುಚ್ಚುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಬಾರ್ಟಲ್ 8ರಲ್ಲಿ ಅನಿವಾರ್ಯ.

ಎಷ್ಟು ಕಿರಿದು? ಬಹಳ ಜನ ‘3 ನ್ಯಾನೊಮೀಟರ್‌ದೇ ಶ್ರೇಷ್ಠ’ ಎಂದುಬಿಡುತ್ತಾರೆ. ಹೀಲಿಕ್ಸ್‌ಗೆ ನಾನು ಒಪ್ಪುವುದಿಲ್ಲ. ಇದರ ಉಂಗುರದ ಹೊರಭಾಗದಲ್ಲಿ ಹೈಡ್ರೋಜನ್‌ಗಿಂತ ಸಾರಜನಕದ 658.3ರ ಗೆರೆಯೇ ಜೋರು. 656.3ಕ್ಕೆ ನಡುವಿಟ್ಟ 3 ನ್ಯಾನೊಮೀಟರ್ ಕಿಟಕಿ 657.8ಕ್ಕೆ ಮುಚ್ಚಿಕೊಳ್ಳುತ್ತದೆ, ಸಾರಜನಕದ ಬಹುಪಾಲು ಹೊರಗೇ ಉಳಿಯುತ್ತದೆ. 7 ನ್ಯಾನೊಮೀಟರ್‌ನದು 659.8ರವರೆಗೆ ತೆರೆದಿದ್ದು ಮೂರೂ ಗೆರೆಗಳನ್ನು ಒಳಬಿಡುತ್ತದೆ. ಆಪ್ಟೊಲಾಂಗ್‌ನಲ್ಲಿ ಎಲ್-ಎಕ್ಸ್‌ಟ್ರೀಮ್ 7ರದು, ಎಲ್-ಅಲ್ಟಿಮೇಟ್ 3ರದು; ಈ ವಸ್ತುವಿಗೆ ಮೊದಲನೆಯದು.

ಮಾಡಿಫೈ ಮಾಡದ 600ಡಿ ಬಗ್ಗೆ ನಿರೀಕ್ಷೆ ಸರಿಯಾಗಿರಲಿ. ಸೆನ್ಸರ್ ಮುಂದಿನ ಕಂಪನಿ ಫಿಲ್ಟರ್ 656ರ ಕೆಂಪನ್ನು ಕಾಲು ಭಾಗದ ಆಸುಪಾಸು ಮಾತ್ರ ಬಿಡುತ್ತದೆ. ಅದೂ ಬೀಳುವುದು ನಾಲ್ಕರಲ್ಲಿ ಒಂದು ಪಿಕ್ಸೆಲ್ ಮೇಲೆ. ಆಮ್ಲಜನಕದ ಗೆರೆ ಹಾಗಲ್ಲ: ಹಸಿರು, ನೀಲಿ ಎರಡರಲ್ಲೂ ದಾಖಲಾಗುತ್ತದೆ, ನಾಲ್ಕರಲ್ಲಿ ಮೂರು ಪಿಕ್ಸೆಲ್. ಅಂದರೆ ನಿಮ್ಮ ಕ್ಯಾಮೆರಾಕ್ಕೆ ಒಳಭಾಗ ಸುಲಭ, ಕೆಂಪು ಉಂಗುರವೇ ಕಷ್ಟ. ಈ ಫಿಲ್ಟರ್ ಹಾಕಿದರೆ 300 ಸೆಕೆಂಡಿಗೆ ಹೋಗಿ, ಐಎಸ್‌ಒ 800ರಲ್ಲೇ ಇರಲಿ. ಬೆಳದಿಂಗಳಲ್ಲಿ ಆಮ್ಲಜನಕದ ಕಿಟಕಿಯೇ ಮೊದಲು ಕೆಡುತ್ತದೆ, ಯಾಕೆಂದರೆ ಚದುರಿದ ಚಂದ್ರನ ಬೆಳಕು ನೀಲಿ-ಹಸಿರಿನ ಕಡೆಗೇ ಹೆಚ್ಚು. ಡ್ಯುಯಲ್ ಬ್ಯಾಂಡ್ ಇದೆ ಎಂದು ಹುಣ್ಣಿಮೆಯಲ್ಲಿ ತೆಗೆಯಬೇಡಿ.

ನಸುಕಿನ_ನೋಟ

ಮೂವರಿಗೂ ತುಂಬ ಧನ್ಯವಾದ. ಎರಡು ಉಪಪ್ರಶ್ನೆ. ಸಿರಿಲ್ ಸಂಸ್ಕರಣಾ ತಂತ್ರಾಂಶದಲ್ಲಿ ಹಸಿರು ನಾಯ್ಸ್ ತೆಗೆಯುವ ಆಯ್ಕೆ ಒತ್ತಿದ ಮೇಲೆಯೇ ನೀಹಾರಿಕೆಯ ನಡುಭಾಗ ಬೂದಾಗುತ್ತಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ? ಹಬಲ್ ಚಿತ್ರದಲ್ಲಿರುವ ಆ ಧೂಮಕೇತು ಆಕಾರದ ಗಂಟುಗಳು 420 ಮಿಮೀಯಲ್ಲಿ ಸಿಗುತ್ತವೆಯೇ?

ಸ್ಟ್ಯಾಕ್_ಮೇಷ್ಟ್ರು

ಸಂಬಂಧ ನೇರವಾಗಿದೆ. 500.7ರ ಬೆಳಕು ಹಸಿರು–ನೀಲಿ ಎರಡೂ ಚಾನೆಲ್‌ನಲ್ಲಿ ಬೀಳುವುದರಿಂದ ನಡುಭಾಗದ ನಿಜವಾದ ಬಣ್ಣ ನವಿಲಿನ ಕೊರಳಿನ ಹಸಿರು-ನೀಲಿ. ಆ ಆಯ್ಕೆ ಹಸಿರು ಹೆಚ್ಚಿದ್ದಲ್ಲೆಲ್ಲ ಕೆಂಪು-ನೀಲಿಯ ಸರಾಸರಿಗೆ ಇಳಿಸುತ್ತದೆ. ನಿಮ್ಮ ಆಮ್ಲಜನಕವೇ ಅಲ್ಲಿ ಬಲಿ. ಮೊದಲು ಪ್ಲೇಟ್ ಸಾಲ್ವ್ (ಚಿತ್ರದ ನಕ್ಷತ್ರಗಳಿಂದ ಆಕಾಶದ ಜಾಗ ಗುರುತಿಸುವುದು) ಮಾಡಿ, ಫೋಟೊಮೆಟ್ರಿಕ್ ಕಲರ್ ಕ್ಯಾಲಿಬ್ರೇಷನ್ ಓಡಿಸಿ. ಅದರ ನಂತರ ಹಸಿರು ತೆಗೆಯುವ ಅಗತ್ಯವೇ ಸಾಮಾನ್ಯವಾಗಿ ಬರುವುದಿಲ್ಲ. ಬಂದರೂ ಪ್ರಮಾಣ 0.3ಕ್ಕಿಂತ ಹೆಚ್ಚಿಸಬೇಡಿ.

ಹಿನ್ನೆಲೆ ತೆಗೆಯುವ ಹಂತದಲ್ಲಿ ಹೀಲಿಕ್ಸ್‌ನ ಪ್ರಭಾವಲಯ ಕಳೆದುಕೊಳ್ಳುವವರು ಲೆಕ್ಕವಿಲ್ಲದಷ್ಟು. ಉಂಗುರ 16 ಕಲೆಗೆ ಮುಗಿಯಿತೆಂದು ಅದರ ಪಕ್ಕದಲ್ಲೇ ಮಾದರಿ ಬಿಂದುಗಳನ್ನು ಇಡುತ್ತಾರೆ. ವಸ್ತು 25 ಕಲೆಯವರೆಗೆ ಹರಡಿದೆ, ಅದರಾಚೆಗೂ ಮಸುಕು ಕಮಾನುಗಳಿವೆ. ನಿಮ್ಮ ಸ್ಕೇಲ್‌ನಲ್ಲಿ ಕೇಂದ್ರದಿಂದ 850 ಪಿಕ್ಸೆಲ್ ತ್ರಿಜ್ಯದೊಳಗಿನ ಎಲ್ಲ ಬಿಂದುಗಳನ್ನು ಅಳಿಸಿಬಿಡಿ. ಮಹಡಿಯ ಚಿತ್ರಕ್ಕೆ ಮೊದಲು ಪ್ರತಿ ಫ್ರೇಮಿಗೂ ಒಂದನೇ ಘಾತದ ಬಹುಪದಿ, ಸ್ಟ್ಯಾಕ್ ಆದ ಮೇಲೆ ಒಮ್ಮೆ ಆರ್‌ಬಿಎಫ್. ಆರಂಭದಲ್ಲೇ ನಾಲ್ಕನೇ ಘಾತಕ್ಕೆ ಹೋದರೆ ನೀಹಾರಿಕೆಯ ಸುತ್ತ ಕಪ್ಪು ಬಳೆ ಬೀಳುತ್ತದೆ.

ಡ್ಯುಯಲ್ ಬ್ಯಾಂಡ್ ಫ್ರೇಮ್‌ಗಳಿಗೆ ಸಿರಿಲ್‌ನ ಹೈಡ್ರೋಜನ್–ಆಮ್ಲಜನಕ ಬೇರ್ಪಡಿಸುವ ಸ್ಕ್ರಿಪ್ಟ್ ಬಳಸಿ. ಎರಡು ಏಕವರ್ಣ ಚಿತ್ರ ಸಿಗುತ್ತವೆ. ಎರಡನ್ನೂ ಬೇರೆಬೇರೆ ಸ್ಟ್ರೆಚ್ ಮಾಡಿ, ಮೊದಲನೆಯದನ್ನು ಕೆಂಪಿಗೆ, ಎರಡನೆಯದನ್ನು ಹಸಿರು ಮತ್ತು ನೀಲಿಗೆ ಕೊಡಿ. ಮಾಡಿಫೈ ಮಾಡದ ಕ್ಯಾಮೆರಾದಲ್ಲಿ ಕೆಂಪು ಚಿತ್ರ ಹೆಚ್ಚು ಕಾಳು ಕಾಳಾಗಿರುತ್ತದೆ. ನಾಯ್ಸ್ ತೆಗೆಯುವುದಿದ್ದರೆ ಕೂಡಿಸುವ ಮೊದಲೇ, ಆ ಒಂದಕ್ಕೆ ಮಾತ್ರ. ಹೀಲಿಕ್ಸ್‌ನ ನಡುಭಾಗ ಎಲ್ಲೂ ಸ್ಯಾಚುರೇಟ್ ಆಗುವುದಿಲ್ಲ, ಆದ್ದರಿಂದ ಎನ್‌ಜಿಸಿ 6543ಕ್ಕೆ ಬೇಕಾಗುವಂತೆ 10 ಸೆಕೆಂಡಿನ ಪ್ರತ್ಯೇಕ ಚಿಕ್ಕ ಫ್ರೇಮ್‌ಗಳು ಇಲ್ಲಿ ಬೇಡ.

ಗಂಟುಗಳ ವಿಷಯ. ಅವುಗಳ ತಲೆಯ ಅಗಲ 1ರಿಂದ 2 ವಿಕಲೆ. ನಿಮ್ಮ ಒಂದು ಪಿಕ್ಸೆಲ್ಲೇ 2.1 ವಿಕಲೆ. ಹಾಗಾಗಿ ತಲೆಗಳು ಸಿಗುವುದಿಲ್ಲ. ಸಾವಿರಾರು ಗಂಟುಗಳ ಬಾಲಗಳು ಸೇರಿ ಉಂಗುರದ ಒಳ ಅಂಚಿನಲ್ಲಿ ಚಕ್ರದ ಕಡ್ಡಿಗಳಂತೆ ಕಾಣುವ ವಿನ್ಯಾಸ ಸಿಗುತ್ತದೆ. ಅದೂ ಕೆಂಪು ಚಾನೆಲ್‌ನಲ್ಲಿ, ಫೋಕಸ್ ಕರಾರುವಾಕ್ಕಾಗಿದ್ದರೆ. ತಲೆಗಳೇ ಬೇಕೆಂದರೆ 1000 ಮಿಮೀಗಿಂತ ಉದ್ದದ ಫೋಕಲ್ ಲೆಂಗ್ತ್, 2 ವಿಕಲೆಗಿಂತ ಒಳ್ಳೆಯ ಸೀಯಿಂಗ್ (ಗಾಳಿಯ ಸ್ಥಿರತೆ) ಬೇಕು. ನಡುವಿನ ಶ್ವೇತ ಕುಬ್ಜ ಮಾತ್ರ (13.5ನೇ ಕಾಂತಿಮಾನ, ಮೇಲ್ಮೈ ಉಷ್ಣತೆ ಸುಮಾರು 1,20,000 ಕೆಲ್ವಿನ್) ಒಂದೇ ಫ್ರೇಮಿನಲ್ಲಿ ಬರುತ್ತದೆ.

ನೀವು ಹೇಳುವ ಹಬಲ್ ಚಿತ್ರ 2003ರ ಮೇ ತಿಂಗಳಲ್ಲಿ ಬಿಡುಗಡೆಯಾದದ್ದು; ‘ದೇವರ ಕಣ್ಣು’ ಎಂದು ಫಾರ್ವರ್ಡ್ ಆಗುತ್ತಾ ಬಂದದ್ದೂ ಅದೇ. ಅದರ ಹುಟ್ಟು ಸ್ವಾರಸ್ಯದ್ದು. 2002ರ ನವೆಂಬರ್‌ನಲ್ಲಿ ಸಿಂಹ ಉಲ್ಕಾಪಾತ ಜೋರಾಗಿರುತ್ತದೆಂದು ಹಬಲ್‌ನ ಬಾಯಿಯನ್ನು ಉಲ್ಕೆಗಳು ಬರುವ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಿ ಅರ್ಧ ದಿನ ಇಡಬೇಕಾಯಿತು. ಆ ವಿರುದ್ಧ ದಿಕ್ಕಿನ ಹತ್ತಿರ ಇದ್ದದ್ದು ಹೀಲಿಕ್ಸ್. ಹಬಲ್ ಫ್ರೇಮ್‌ಗಳನ್ನು ಕಿಟ್ ಪೀಕ್‌ನ 0.9 ಮೀಟರ್ ದೂರದರ್ಶಕದ ಅಗಲ ಚಿತ್ರಕ್ಕೆ ಜೋಡಿಸಿದರು. ಅಲ್ಲಿಯ ಕಡು ನೀಲಿ ಆಮ್ಲಜನಕದ ಫಿಲ್ಟರ್‌ಗೆ ಆರಿಸಿ ಕೊಟ್ಟ ಬಣ್ಣ. ನಿಮ್ಮ ಕ್ಯಾಮೆರಾ ಕೊಡುವ ಹಸಿರು-ನೀಲಿಯನ್ನು ಅದಕ್ಕೆ ಹೊಂದಿಸಲು ಎಳೆದಾಡಬೇಡಿ.

ದಕ್ಷಿಣ_ದಿಗಂತ

ರೋಹಿತ_5007 ಸರ್ ಹೇಳಿದ್ದಕ್ಕೆ ಸಣ್ಣ ತಕರಾರು. ಬಾರ್ಟಲ್ 8ಕ್ಕೆ ಫಿಲ್ಟರ್ ಸರಿ. ಆದರೆ ಚಿತ್ರದುರ್ಗದ ಕತ್ತಲೆಗೂ ಅದನ್ನೇ ಒಯ್ದರೆ ನಕ್ಷತ್ರಗಳ ಬಣ್ಣವೂ ಹಿನ್ನೆಲೆಯ ಗೆಲಾಕ್ಸಿಗಳೂ ಹೋಗುತ್ತವೆ. ಹೀಲಿಕ್ಸ್ ಆಕಾಶಗಂಗೆಯಿಂದ ದೂರ ಇರುವುದರಿಂದ ಅದರ ಹಿಂದೆ ಪುಟ್ಟ ಗೆಲಾಕ್ಸಿಗಳು ಸಾಕಷ್ಟಿವೆ. ಮತ್ತು ಕೈಯಲ್ಲಿ ಒಂದಕ್ಕೇ ಆಗುವಷ್ಟು ಹಣವಿದ್ದರೆ, ಕತ್ತಲ ಜಾಗ ಸಿಗುವವರು ಮೊದಲು ಕ್ಯಾಮೆರಾ ಮಾಡಿಫೈ ಮಾಡಿಸಬೇಕು ಎಂಬುದು ನನ್ನ ಅಭಿಪ್ರಾಯ. ಕೆಂಪು ಮೂರು-ನಾಲ್ಕು ಪಟ್ಟು ಹೆಚ್ಚುತ್ತದೆ, ಅದು ಎಲ್ಲ ವಸ್ತುವಿಗೂ ಉಪಯೋಗ.

ರೋಹಿತ_5007

ಮಾಡಿಫೈ ವಿಷಯದಲ್ಲಿ ಒಪ್ಪಿದೆ. ಫಿಲ್ಟರ್ ವಿಷಯದಲ್ಲಿ ಅರ್ಧ ಒಪ್ಪಿದೆ: ಬಾರ್ಟಲ್ 4ರಲ್ಲೂ ಹೊರ ಪ್ರಭಾವಲಯ ಬೇಕೆಂದರೆ ಫಿಲ್ಟರ್‌ನಲ್ಲೇ ತೆಗೆಯಬೇಕು. ಹಾಗಾಗಿ ನಸುಕಿನ_ನೋಟ ಅವರಿಗೆ ನನ್ನ ಹಂಚಿಕೆ ಹೀಗೆ. ಮಹಡಿಯಿಂದ ಎಷ್ಟು ರಾತ್ರಿ ಸಿಗುತ್ತದೋ ಅಷ್ಟೂ ಡ್ಯುಯಲ್ ಬ್ಯಾಂಡ್, 300 ಸೆಕೆಂಡು. ಕತ್ತಲ ಜಾಗದಲ್ಲಿ ಮೊದಲ ಒಂದೂವರೆ ಗಂಟೆ ಫಿಲ್ಟರ್ ಇಲ್ಲದೆ 120 ಸೆಕೆಂಡು, ನಕ್ಷತ್ರಗಳಿಗಾಗಿ, ಮಿಕ್ಕದ್ದು ಫಿಲ್ಟರ್. ಸ್ಟಾರ್‌ನೆಟ್ ತಂತ್ರಾಂಶದಿಂದ ನಕ್ಷತ್ರ ಬೇರ್ಪಡಿಸಿ, ಫಿಲ್ಟರ್ ಇಲ್ಲದವುಗಳ ನಕ್ಷತ್ರಗಳನ್ನು ಫಿಲ್ಟರ್ ಚಿತ್ರದ ನೀಹಾರಿಕೆಗೆ ಸೇರಿಸಿ. ಫಿಲ್ಟರ್ ಹಾಕಿದಾಗ, ತೆಗೆದಾಗ ಫೋಕಸ್ ಸರಿಯುತ್ತದೆ. ಎರಡಕ್ಕೂ ಫ್ಲ್ಯಾಟ್ ಬೇರೆಬೇರೆ ತೆಗೆಯಬೇಕು.

ನಮ್ಮೂರಿಗೆ ಸಂಬಂಧಿಸಿದ ಒಂದು ವಿಷಯವನ್ನೂ ಇಲ್ಲೇ ಸೇರಿಸುತ್ತೇನೆ. ಪ್ರಭಾವಲಯ ಹುಡುಕುವ ಕೆಲಸ ನೇರಳಾತೀತದಲ್ಲೂ ನಡೆದಿದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಯುವಿಐಟಿ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯ ಪ್ರಯೋಗಾಲಯದಲ್ಲಿ ಜೋಡಿಸಿತ್ತು. ಆ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಮತ್ತು ಸಂಗಡಿಗರು ಅದರಿಂದ ಎನ್‌ಜಿಸಿ 40ರ ಸುತ್ತ ದೂರ ನೇರಳಾತೀತದಲ್ಲಿ ಮಾತ್ರ ಕಾಣುವ ಪ್ರಭಾವಲಯವನ್ನು ಕಂಡು 2018ರಲ್ಲಿ ಪ್ರಕಟಿಸಿದರು. ತಣ್ಣನೆಯ ಹೈಡ್ರೋಜನ್ ಅಣುಗಳು ಕೇಂದ್ರ ನಕ್ಷತ್ರದ ಬೆಳಕು ಹೀರಿ ಮತ್ತೆ ಹೊಮ್ಮಿಸುವುದರಿಂದ ಅದು ಬಂದಿರಬಹುದೆಂಬುದು ಅವರ ವಿವರಣೆ. ಎನ್‌ಜಿಸಿ 40 ಹರ್ಷೆಲ್ 1788ರಲ್ಲಿ ಕಂಡ, ಸಣ್ಣ ಗಟ್ಟಿ ಬಿಲ್ಲೆಯ ಜಾತಿಯದು. ಡೆಕ್ಲಿನೇಷನ್ ಪ್ಲಸ್ 72, ಹಾಗಾಗಿ ನಮಗೆ ಉತ್ತರದಲ್ಲಿ 30 ಡಿಗ್ರಿ ದಾಟುವುದು ಅಪರೂಪ. ನಿಮ್ಮ 420 ಮಿಮೀಗೆ ಅದು ಹದಿನೈದು–ಇಪ್ಪತ್ತು ಪಿಕ್ಸೆಲ್‌ನ ಚುಕ್ಕೆ ಮಾತ್ರ. ಹೀಲಿಕ್ಸ್ ಮುಗಿದ ಮೇಲೆ ಇದೇ ಸಲಕರಣೆಗೆ ಎಂ 27 ಹಿಡಿಯಿರಿ. ನವೆಂಬರ್‌ನಲ್ಲಿ ಕತ್ತಲಾದ ಕೂಡಲೇ ಪಶ್ಚಿಮದಲ್ಲಿ ಎತ್ತರವಾಗಿಯೇ ಇರುತ್ತದೆ, 8 ಕಲೆ ಅಗಲ, ಒಳಭಾಗ ಪ್ರಕಾಶಮಾನ. ಅದಕ್ಕೆ 120 ಸೆಕೆಂಡಿನವು ಎರಡು ಗಂಟೆ ಸಾಕು.